ಕಾಗೆಗೆ ಕೊಟ್ಟ ಮಾತು

ನಮ್ಮವರಿಗೆ ಗಾಲ್ಫ್ ಹುಚ್ಚು ಹಿಡಿದದ್ದು ಸ್ಕಾಟ್ಲೆಂಡಿನಲ್ಲಿ, ನನ್ನನ್ನು ಮದುವೆಯಾಗುವುದಕ್ಕಿಂತ ಮೊದಲು. ಆದ್ದರಿಂದ ಈ ಮನೆಗೆ ನಾನು ಎರಡನೆಯವಳು, ಗಾಲ್ಫ್ ಹಿರಿಯ ಸವತಿ ಎಂದು ಬಂದವರೆದುರೆಲ್ಲ ಹೇಳುತ್ತಿದ್ದೆ. ಅವರು ನಗುತ್ತಿದ್ದರೇ ಹೊರತು ಅಲ್ಲಗಳೆಯುತ್ತಿರಲಿಲ್ಲ. ಮೈಸೂರಿನಲ್ಲಿ ವೈದ್ಯಕೀಯ ಮುಗಿಸಿ ಹೆಚ್ಚಿನ ತರಬೇತಿಗೆಂದು ಹೋದವರನ್ನು ಅಲ್ಲಿ ಉತ್ತರದ ಕಡಲ ತೀರದ ಒಂದು ಸಣ್ಣ ಊರಿನ ಆಸ್ಪತ್ರೆಗೆ ಹಾಕಿದ್ದರಂತೆ. ಆಸ್ಪತ್ರೆಯ ಹಿಂದೆ ಮರಳಿನ ದಿಬ್ಬ, ದಿಬ್ಬದ ತುಂಬ ಹುಲ್ಲು, ಹುಲ್ಲಿನ ತುಂಬ ಕುರಿ, ಕುರಿಗಳ ನಡುವೆಯೇ ಗಾಲ್ಫ್. ಆಡುವವರು ಯಾರೆಂದರೆ ಮಾಂಸದಂಗಡಿಯವನು, ಟಪಾಲಿನವನು, ಚರ್ಚಿನ ಪಾದ್ರಿ. ಮಾತಾಡಿಸುವವರಿಲ್ಲದೆ ಒಣಗುತ್ತಿದ್ದ ಈ ಹುಡುಗನ ಕೈಗೆ ಆ ಪಾದ್ರಿ ಒಂದು ಹಳೆಯ ಗಾಲ್ಫ್ ಕೋಲು ಕೊಟ್ಟು ಕರೆದುಕೊಂಡು ಹೋದರಂತೆ. ಅಲ್ಲಿಂದ ಶುರು.

ಆಮೇಲೆ ನಾವು ಅಮೆರಿಕಕ್ಕೆ ಬಂದು ಡರ್ಹಮ್‌ನಲ್ಲಿ ನೆಲೆ ನಿಂತೆವು. ಅವರು ಮೂತ್ರಪಿಂಡದ ಡಾಕ್ಟರು, ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಹೆಸರು ಹಚ್ಚುವವಳು. ಶನಿವಾರ ಬಂತೆಂದರೆ ಮನುಷ್ಯ ನಾಪತ್ತೆ. ಮಳೆ ಬಂದು ಮನೆಯಲ್ಲೇ ಸಿಕ್ಕಿಹಾಕಿಕೊಂಡರೆ ಇನ್ನೂ ಕಷ್ಟ. ಮಲಗುವ ಕೋಣೆಗಳ ನಡುವಿನ ಉದ್ದದ ಓಣಿಯ ಕಾರ್ಪೆಟ್ಟಿನ ತುದಿಯಲ್ಲಿ ನನ್ನ ತವರಿನ ಸ್ಟೀಲ್ ಲೋಟವೊಂದನ್ನು ಅಡ್ಡ ಮಲಗಿಸಿ, ಈ ತುದಿಯಿಂದ ಚೆಂಡು ಹೊಡೆಯುತ್ತಿದ್ದರು. ಲೋಟದೊಳಗೆ ಹೋದರೆ ಟಣ್ ಎನ್ನುತ್ತಿತ್ತು. ಹೋಗದಿದ್ದರೆ ಗೋಡೆಗೆ ಬಡಿದು ಧಪ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿದ್ದುಕೊಂಡೇ ಅವತ್ತಿನ ಆಟ ಹೇಗಿದೆ ಎಂದು ನಾನು ಹೇಳಬಲ್ಲವಳಾಗಿದ್ದೆ.

ಅವರು ತೀರಿಹೋಗುವ ಹಿಂದಿನ ಚಳಿಗಾಲವೆಲ್ಲ ನಮ್ಮ ಊಟದ ಮೇಜಿನ ಮೇಲೆ ಸ್ಕಾಟ್ಲೆಂಡಿನ ನಕ್ಷೆ ಹರಡಿಕೊಂಡಿತ್ತು, ಬೇಸಿಗೆಗೆ ಅಲ್ಲಿ ಆಡಲು ಹೋಗುವುದೆಂದು. ಇಬ್ಬರು ಗೆಳೆಯರು ಜೊತೆಗೆ. ಒಬ್ಬರು ವಾಷಿಂಗ್ಟನ್ ಹತ್ತಿರದ ಶ್ಯಾಂಟಿಲಿಯ ಎಂಜಿನಿಯರು, ಸರ್ಕಾರಕ್ಕೆ ಏನೋ ಮಾಡಿಕೊಡುವ ಕಂಪನಿಯಲ್ಲಿ ಕೆಲಸ, ಏನು ಅಂತ ಕೇಳಿದರೆ ಹೇಳುತ್ತಿರಲಿಲ್ಲ; ದೇವರು ದಿಂಡರು ಎಂದರೆ ಆಗುತ್ತಿರಲಿಲ್ಲ. ಇನ್ನೊಬ್ಬರು ಅಟ್ಲಾಂಟಾದ ಮಕ್ಕಳ ಡಾಕ್ಟರು, ನಮ್ಮವರದೇ ಗೋತ್ರ, ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲ. ನಾನು ಅವರಿಬ್ಬರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆ, ಶ್ಯಾಂಟಿಲಿಯವರು, ಅಟ್ಲಾಂಟಾದವರು ಅಂತ. ಮೂವರೂ ಮೈಸೂರಿನ ಒಂದೇ ವಿದ್ಯಾರ್ಥಿನಿಲಯದ ಊಟ ತಿಂದವರು.

ಗೆಳೆಯರಿಗೆ ಹೆಸರಾದ ಗಾಲ್ಫ್ ಕೋರ್ಸುಗಳಲ್ಲಿ ಆಡುವ ಆಸೆ, ಟೀವಿಯಲ್ಲಿ ನೋಡಿದಂಥವು. ನಮ್ಮವರು ಬಿಲ್‌ಕುಲ್ ಒಪ್ಪಲಿಲ್ಲ. "ಅದು ತಿರುಪತಿಗೆ ಹೋದ ಹಾಗೆ ಕಣ್ರೋ. ಕ್ಯೂನಲ್ಲಿ ನಿಂತು, ತಳ್ಳಿಸಿಕೊಂಡು, ಒಂದು ಕ್ಷಣ ನೋಡಿ ಆಚೆ ಬರೋದು. ಊರಾಚೆ ಗುಡಿಗೆ ಹೋಗೋಣ. ಪೂಜಾರಿನೂ ಇರಲ್ಲ, ಬಾಗಿಲೂ ಹಾಕಿರಲ್ಲ" ಎಂದರು. ಹಾಗೆಂದು ಹೆಬ್ಬೆರಳನ್ನು ನಕ್ಷೆಯ ಅಂಚಿನ ಮೇಲೆ, ಭೂಮಿ ಮುಗಿದು ನೀಲಿ ಶುರುವಾಗುವ ಕಡೆ, ನಿಧಾನವಾಗಿ ಎಳೆಯುತ್ತ ಹೋದರು. ಯಾರೂ ಕೇಳಿರದ ಊರುಗಳು. ಕೆಲವು ಕಡೆ ಗುಳಿಗಳು ಒಂಬತ್ತೇ, ಹದಿನೆಂಟು ಬೇಕೆಂದರೆ ಅವನ್ನೇ ಮತ್ತೊಂದು ಸುತ್ತು ಹೊಡೆಯಬೇಕು. ಒಂದು ಕಡೆಯಂತೂ ರಸ್ತೆ ಮುಗಿದ ಮೇಲೆ ದೋಣಿ ಹಿಡಿಯಬೇಕು. ಪ್ರತಿ ಊರಿಗೂ ಒಂದು ಕಥೆ ಇತ್ತು ಅವರ ಬಳಿ, ಗಾಳಿಯದೋ ಕುರಿಯದೋ.

ಒಂದು ದಿನ ಗೆಳೆಯರು ಹೋದ ಮೇಲೆ ನಕ್ಷೆ ಮಡಿಸುತ್ತ, ನೀನೂ ಬರಬಹುದು ಎಂದರು. ಕುರಿ ನೋಡಲು ಅಷ್ಟು ದೂರ ಯಾಕೆ, ನಮ್ಮ ಹುಣಸೂರಿನಲ್ಲೇ ಬೇಕಾದಷ್ಟಿವೆ ಎಂದೆ. ಅವರು ನಕ್ಕು ನಕ್ಷೆಯನ್ನು ಕಪಾಟಿನ ಮೇಲಿಟ್ಟರು. ಮತ್ತೆ ಕೇಳಲಿಲ್ಲ, ನಾನೂ ಆ ಮಾತೆತ್ತಲಿಲ್ಲ.

ಟಿಕೆಟ್ ತೆಗೆಸುವಷ್ಟರಲ್ಲಿ ಒಬ್ಬರಿಗೆ ರಜೆ ಸಿಗಲಿಲ್ಲ, ಇನ್ನೊಬ್ಬರಿಗೆ ಮಂಡಿ ನೋವು, ಬೇಸಿಗೆ ಕಳೆದುಹೋಯಿತು. ಮುಂದಿನ ವರ್ಷ ಖಂಡಿತ ಎಂದುಕೊಂಡರು. ಅದೇ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ನಮ್ಮವರು ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಸೀಟ್ ಬೆಲ್ಟ್ ಹಾಕಿಕೊಂಡು ಹಾಗೇ ಹೋಗಿಬಿಟ್ಟಿದ್ದರು. ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ. ಸುತ್ತ ಅಷ್ಟೊಂದು ಡಾಕ್ಟರುಗಳು ಓಡಾಡುವ ಜಾಗ ಅದು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಮಗೆ ಗಂಡುಮಕ್ಕಳಿಲ್ಲ, ಇರುವುದು ಒಬ್ಬಳೇ ಮಗಳು. ಹಾಗಾಗಿ ಅಟ್ಲಾಂಟಾದವರ ಕೈಗೆ ನಾನು ದರ್ಭೆ ಕೊಟ್ಟು ಕರ್ಮ ಮಾಡಿಸಿದೆ. ಹತ್ತನೆಯ ದಿನ ಪಕ್ಕದ ಊರು ರಾಲಿಯ ದೇವಸ್ಥಾನದ ಪುರೋಹಿತರು ಬಂದಿದ್ದರು. ಹಿತ್ತಲಿನ ಮರದ ಜಗಲಿ, ಇಲ್ಲಿಯವರ ಡೆಕ್ಕು, ಅದರ ಕಟಕಟೆಯ ಮೇಲೆ, ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಲೆಯ ತುಂಡಿನ ಮೇಲೆ, ಪಿಂಡ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆ ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ, ನಮಗೆ ಊಟ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ನಮ್ಮಜ್ಜಿ ಸತ್ತಾಗ ಮಠದ ಹಿಂದಿನ ಕಟ್ಟೆಯ ಮೇಲೆ ಇದನ್ನೆಲ್ಲ ನೋಡಿದ್ದೆ. ಆಗಲೂ ನಂಬಿರಲಿಲ್ಲ.

ಕಾಗೆಗಳೇನೋ ಇದ್ದವು. ಬೇಲಿಯಾಚೆಯ ಪೈನ್ ಮರದ ತುದಿಯಲ್ಲಿ ಮೂರ್ನಾಲ್ಕು ಕೂತಿದ್ದವು. ಇಲ್ಲಿನ ಕಾಗೆ ನಮ್ಮೂರಿನದಕ್ಕಿಂತ ದಪ್ಪ, ನಖಶಿಖಾಂತ ಕಪ್ಪು. ನಮ್ಮ ಕಾಗೆಗಳ ಕುತ್ತಿಗೆಗಿರುವ ಬೂದು ಬಣ್ಣ ಇವಕ್ಕಿಲ್ಲ. ಅನ್ನದ ಉಂಡೆ ಎಂದರೆ ಏನೆಂದು ಇವಕ್ಕೆ ಗೊತ್ತಿರುವುದಾದರೂ ಹೇಗೆ ಎಂದುಕೊಂಡೆ. ಅಟ್ಲಾಂಟಾದವರು ಕೈ ಮೇಲೆತ್ತಿ ಕಾ ಕಾ ಎಂದು ಕರೆದರು. ಪಕ್ಕದ ಮನೆಯ ಅಜ್ಜಿ ಎಲೆ ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ಪುರೋಹಿತರಿಗೆ ಶಾರ್ಲಟ್‌ನಲ್ಲಿ ಒಂದು ಗೃಹಪ್ರವೇಶವಿತ್ತು. ಅವರು ವಾಚು ನೋಡಿಕೊಂಡು, ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿದರೂ ಶಾಸ್ತ್ರಕ್ಕೆ ಆಗುತ್ತದೆ ಎಂದರು. ಸ್ವಲ್ಪ ಕಾಯೋಣ ಎಂದೆ.

ಮಗಳು ಮೊದಲು ಹೋಗಿ ನಿಂತು, ಅಪ್ಪಾ, ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು. ಕಾಗೆ ಕದಲಲಿಲ್ಲ. ಆಮೇಲೆ ನಾನು ಹೋದೆ. ಇವಳ ಮದುವೆ ಮಾಡುತ್ತೇನೆ, ಮನೆ ಬಿಟ್ಟು ಹೋಗುವುದಿಲ್ಲ, ನಾನು ಗಟ್ಟಿಯಾಗಿದ್ದೇನೆ, ನನ್ನ ಯೋಚನೆ ಬೇಡ, ನೀವು ನೆಮ್ಮದಿಯಾಗಿ ಹೋಗಿ ಎಂದೆ. ಬಾಯಲ್ಲಿ ಅಷ್ಟನ್ನೂ ಹೇಳಿ, ನಂಬಿಕೆ ಇಲ್ಲದವಳು ನಾನು, ಕತ್ತೆತ್ತಿ ಆ ಮರದ ತುದಿಯನ್ನೇ ನೋಡುತ್ತ ನಿಂತೆ. ಒಂದು ಕಾಗೆ ರೆಕ್ಕೆ ಕೆದರಿಕೊಂಡು ಬೆನ್ನು ತಿರುಗಿಸಿ ಕೂತಿತು. ನಾನು ಹಿಂದೆ ಬಂದೆ.

ಆಗ ಶ್ಯಾಂಟಿಲಿಯವರು, ಅಲ್ಲಿಯವರೆಗೆ ಗ್ಯಾರೇಜಿನ ಗೋಡೆಗೆ ಒರಗಿ ಇದೆಲ್ಲ ಯಾವಾಗ ಮುಗಿಯುತ್ತದೋ ಎಂಬಂತಿದ್ದವರು, ಅಲ್ಲಿಂದಲೇ ಮರದ ಕಡೆ ನೋಡಿ ಹೇಳಿದರು: "ಲೋ, ಸ್ಕಾಟ್ಲೆಂಡಿಗೆ ಹೋಗ್ಬರ್ತೀವಿ ಕಣೋ. ನೀನು ಹೇಳಿದ್ಯಲ್ಲ, ಆ ಕೋರ್ಸುಗಳಲ್ಲೇ ಆಡ್ತೀವಿ. ನಿನ್ನ ಪಾಲಿಂದೂ ನಾವೇ ಆಡ್ತೀವಿ. ಈಗ ಬಾ."

ಒಂದು ಕಾಗೆ ಮರದಿಂದ ಜಾರಿದಂತೆ ಇಳಿದು ಕಟಕಟೆಯ ಮೇಲೆ ಕೂತಿತು. ಎಡ ರೆಕ್ಕೆಯಲ್ಲಿ ಒಂದು ಬಿಳಿ ಗರಿ. ಪಿಂಡವನ್ನು ಕುಕ್ಕಿ, ಕೊಕ್ಕಿನ ತುಂಬ ಎತ್ತಿಕೊಂಡು ಹಾರಿತು.

ಎಲ್ಲರೂ ನಕ್ಕರು, ನಗುತ್ತ ನಗುತ್ತ ಅತ್ತರು. ಸತ್ತ ಮೇಲೂ ಬುದ್ಧಿ ಬಿಡಲಿಲ್ಲ ನೋಡಿ ಎಂದು ಅಟ್ಲಾಂಟಾದವರು ಕಣ್ಣೊರೆಸಿಕೊಂಡರು. ನನಗೆ ನಗು ಬರಲಿಲ್ಲ. ಎಲೆ ಹಾಕಿ ಎಲ್ಲರಿಗೂ ಬಡಿಸಿದೆ, ವಡೆ ಸಾಲದೆಂದು ಇನ್ನೊಂದಷ್ಟು ಕರಿದೆ. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತಿಗೆ ಬೆನ್ನು ತಿರುಗಿಸಿದ ಮನುಷ್ಯ ಗಾಲ್ಫ್ ಎಂದ ಕೂಡಲೇ ಇಳಿದು ಬಂದಿದ್ದ.

ಮಾರನೆಯ ಬೆಳಿಗ್ಗೆ ಕಾಫಿ ಬೆರೆಸುತ್ತಿದ್ದೆ. ಕಟಕಟೆಯ ಮೇಲೆ ಅದೇ ಕಾಗೆ, ಅದೇ ಬಿಳಿ ಗರಿ. ಗಾಜಿನ ಬಾಗಿಲಿನ ಕಡೆ ತಲೆ ವಾಲಿಸಿ ನೋಡುತ್ತಿತ್ತು. ಫ್ರಿಜ್ಜಿನಲ್ಲಿದ್ದ ಅನ್ನಕ್ಕೆ ಮೊಸರು ಕಲಸಿ ಇಟ್ಟೆ. ತಿಂದು ಹೋಯಿತು. ಮಾರನೆಯ ದಿನವೂ ಬಂತು. ಮಳೆ ಬಂದರೂ ಬಂತು, ಆ ವರ್ಷ ಹಿಮ ಬಿದ್ದಾಗಲೂ ಬಂತು. ಕಾಗೆಗೆ ಇಡದೆ ನಾನು ತಿಂಡಿ ತಿನ್ನುವುದನ್ನು ಬಿಟ್ಟೆ. ಲ್ಯಾಬಿನಲ್ಲಿ ಇಡೀ ದಿನ ಸೂಕ್ಷ್ಮದರ್ಶಕದ ಮುಂದೆ ಕೂತು, ಪುರಾವೆ ಇಲ್ಲದ್ದನ್ನು ನಂಬಬಾರದು ಎಂದು ಕಿರಿಯರಿಗೆ ಕಲಿಸುವವಳು, ಮನೆಯಲ್ಲಿ ಕಾಗೆ ಬರುವುದು ತಡವಾದರೆ ಹಸಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಮನೆ ಪೂರ್ತಿ ಖಾಲಿಯಾಗಿರಲಿಲ್ಲ. ಅವರು ಹಿತ್ತಲಿನಲ್ಲಿ ಹೊಡೆದು ಕಳೆದುಕೊಂಡಿದ್ದ ಚೆಂಡುಗಳು ಜೋರು ಮಳೆಯಾದಾಗಲೆಲ್ಲ ಮಣ್ಣಿನಿಂದ ಮೇಲೆ ಬರುತ್ತಿದ್ದವು. ಗುಲಾಬಿ ಗಿಡದ ಬುಡ ಅಗೆದರೆ ಆಲೂಗಡ್ಡೆ ಸಿಕ್ಕಂತೆ ಸಿಗುತ್ತಿದ್ದವು. ಓಣಿಯ ತುದಿಯ ಲೋಟವನ್ನು ನಾನು ಎತ್ತಿರಲಿಲ್ಲ, ಅದರ ಸುತ್ತಲೇ ವ್ಯಾಕ್ಯೂಮ್ ಮಾಡುತ್ತಿದ್ದೆ. ಸಂಜೆ ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿ ಅದು ಸಿಡಿಯುವುದನ್ನು ಕಾಯುತ್ತಿರುವಾಗ ಆ ಕಡೆಯಿಂದ ಟಣ್ ಎಂದು ಕೇಳಿಸುತ್ತಿತ್ತು. ಹೀಟರಿನ ಕೊಳವೆ ಬಿಸಿಯಾದಾಗ ಬರುವ ಸದ್ದು ಅದು, ನನಗೆ ಗೊತ್ತು. ಆದರೂ ಪ್ರತಿ ಸಲ, ಓ, ಇವತ್ತು ಆಟ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಾಸಿವೆ ಸೀದುಹೋಗಿರುತ್ತಿತ್ತು.

ಸ್ಕಾಟ್ಲೆಂಡಿನ ಯೋಜನೆ ನನ್ನ ಕೈಗೆ ಬಂದದ್ದು ಹೀಗೆ. ಗೆಳೆಯರಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಮಾತಾಡಿಕೊಂಡು ಒಂದು ನಿರ್ಧಾರಕ್ಕೂ ಬಾರದೆ ಇದ್ದಾಗ, ನಕ್ಷೆ ನನ್ನ ಕಪಾಟಿನ ಮೇಲೇ ಇದೆ, ನಮ್ಮವರು ಎಲ್ಲೆಲ್ಲಿ ಬೆರಳಿಟ್ಟಿದ್ದರು ಎಂದು ನನಗೆ ನೆನಪಿದೆ, ನಾನೇ ಮಾಡುತ್ತೇನೆ ಎಂದೆ. ಮೇಜಿನ ಮೇಲೆ ಮತ್ತೆ ನಕ್ಷೆ ಹರಡಿದೆ. ಅಂಚಿನುದ್ದಕ್ಕೂ ನಾನೂ ಹೆಬ್ಬೆರಳು ಎಳೆದೆ. ಅವರು ಹೇಳಿದ್ದ ಕಥೆಗಳು ಒಂದೊಂದಾಗಿ ಬಂದವು. ಅಷ್ಟೆಲ್ಲ ಕೇಳಿಸಿಕೊಂಡಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಇಲ್ಲಿ ಬೆಳಗಾದರೆ ಅಲ್ಲಿ ಮಧ್ಯಾಹ್ನ. ಲ್ಯಾಬಿಗೆ ಹೊರಡುವ ಮುಂಚೆ ಕಾರ್ಡ್‌ಲೆಸ್ ಫೋನ್ ಹಿಡಿದುಕೊಂಡು ಗಾಜಿನ ಬಾಗಿಲ ಬಳಿ ನಿಂತು ಕ್ಲಬ್ಬುಗಳಿಗೆ ಫೋನ್ ಮಾಡುತ್ತಿದ್ದೆ. ಎಷ್ಟೋ ಕಡೆ ಯಾರೂ ಎತ್ತುತ್ತಿರಲಿಲ್ಲ. ಎತ್ತಿದವರ ಇಂಗ್ಲಿಷು ಎರಡೆರಡು ಸಲ ಹೇಳಿಸಿಕೊಂಡರೂ ಅರ್ಧವೇ ತಿಳಿಯುತ್ತಿತ್ತು. ಎಲ್ಲಿ ಉಳಿಯುವುದು, ದೋಣಿ ಯಾವ ದಿನ ಇಲ್ಲ, ಮಾಂಸ ತಿನ್ನದವರಿಗೆ ಏನು ಕೊಡುತ್ತೀರಿ ಎಂದೆಲ್ಲ ವಿಚಾರಿಸುತ್ತಿದ್ದೆ. ಹೊರಗೆ ಕಟಕಟೆಯ ಮೇಲೆ ಕಾಗೆ ಕೂತು ಕೇಳಿಸಿಕೊಳ್ಳುತ್ತಿತ್ತು. ಹಾಗೆಂದು ನಾನು ಅಂದುಕೊಂಡಿದ್ದೆ. ಫೋನ್ ಇಟ್ಟ ಮೇಲೆ, ಭಾನುವಾರ ದೋಣಿ ಇಲ್ಲವಂತೆ ಎಂದು ಅದಕ್ಕೆ ಹೇಳುತ್ತಿದ್ದೆ. ಅವರಿದ್ದಾಗ ಗಾಲ್ಫಿನ ಬಗ್ಗೆ ನಾನು ಅಷ್ಟು ಮಾತಾಡಿದ್ದೇ ಇಲ್ಲ.

ಉತ್ತರದ ಕೊನೆಯ ಕೋರ್ಸಿನಲ್ಲಿ ಫೋನ್ ಎತ್ತಿದವಳು ಅಡುಗೆಯ ಹೆಂಗಸು. ಅಲ್ಲಿ ಎಲ್ಲಕ್ಕೂ ಅವಳೇ. ಚೆಂಡು ಸ್ವಲ್ಪ ಜಾಸ್ತಿ ತರಲು ಹೇಳಿ, ಇಲ್ಲಿನ ಕಾಗೆಗಳು ಮೊಟ್ಟೆ ಎಂದುಕೊಂಡು ಎತ್ತಿಕೊಂಡು ಹೋಗುತ್ತವೆ ಎಂದಳು. ನನ್ನ ಕಿವಿ ನೆಟ್ಟಗಾಯಿತು. ಎಂಥ ಕಾಗೆ ಎಂದು ಕೇಳಿದೆ. ತಲೆ, ರೆಕ್ಕೆ ಕಪ್ಪು, ಕುತ್ತಿಗೆ, ಮೈ ಎಲ್ಲ ಬೂದು ಎಂದಳು. ನಮ್ಮೂರಿನ ಕಾಗೆಗಿರುವ ಆ ಬೂದು ಕುತ್ತಿಗೆ ಅಷ್ಟು ದೂರದ ಸಮುದ್ರದ ದಂಡೆಯ ಮೇಲೆ ಕೂತಿದೆ ಎಂದು ನೆನೆದು ಗಾಜಿನಾಚೆಯ ಕಾಗೆಯನ್ನು ನೋಡಿದೆ. ಆಮೇಲೆ ಅವಳು ಎಷ್ಟು ಜನ ಎಂದು ಕೇಳಿದಳು. ಮೂವರು ಎಂದೆ. ನಿನ್ನ ಗಂಡನೂ ಬರುತ್ತಾನಾ ಎಂದಳು.

"ಬರ್ತಾರೆ" ಎಂದೆ. ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವಳು ಅದೊಂದನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ.

ಮೊದಲನೆಯ ಬೇಸಿಗೆ ಹೋಗಲಾಗಲಿಲ್ಲ. ಕರ್ಮ ಮಾಡಿದವರು ವರ್ಷಾಂತಿಕ ಮುಗಿಯುವವರೆಗೆ ಸಮುದ್ರ ದಾಟಬಾರದು ಎಂದು ನಾನೇ ನೆನಪಿಸಿದೆ. ಅಟ್ಲಾಂಟಾದವರು ಮರುಮಾತಿಲ್ಲದೆ ಒಪ್ಪಿದರು. ಎರಡನೆಯ ಬೇಸಿಗೆ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್. ಅವರ ಮನೆಯಲ್ಲಿ ಬೆಂಗಳೂರಿನಿಂದ ಬಂದ ಭಾವಮೈದುನರು, ಭಾವಮೈದುನರ ಸ್ನೇಹಿತರು, ಕಾಲಿಡಲು ಜಾಗವಿಲ್ಲ. ಮೂರನೆಯ ವರ್ಷ ಇಬ್ಬರೂ ಚಳಿಗಾಲದಲ್ಲೇ ಸಿದ್ಧರಾದರು. ಆಗ ನಾನು, ಉತ್ತರದ ಆ ಕೊನೆಯ ಕೋರ್ಸನ್ನು ಮುಚ್ಚಿದ್ದಾರಂತೆ, ಕಡಲು ದಂಡೆ ಕೊರೆದಿದೆಯಂತೆ, ರಿಪೇರಿ ಆಗುವವರೆಗೆ ಕಾಯಬೇಕು ಎಂದೆ. ಅದನ್ನು ಬಿಟ್ಟು ಉಳಿದದ್ದು ಆಡಿ ಬರೋಣ ಎಂದರೆ, ಎಲ್ಲ ಕೋರ್ಸಲ್ಲೂ ಆಡುತ್ತೇವೆ ಎಂದು ಮಾತು ಕೊಟ್ಟವರು ನೀವು ಎಂದು ಶ್ಯಾಂಟಿಲಿಯವರಿಗೆ ಮಂಗಳಾರತಿ ಎತ್ತಿದೆ.

ಮಗಳಿಗೆ ಆಗ ವಾಷಿಂಗ್ಟನ್ನಿನಲ್ಲಿ ಕೆಲಸ. ಭಾನುವಾರದ ಊಟಕ್ಕೆ ಆಗಾಗ ಶ್ಯಾಂಟಿಲಿಯವರ ಮನೆಗೆ ಹೋಗುತ್ತಿದ್ದಳು. ಮಾರ್ಚಿನಲ್ಲಿ ಒಂದು ಶನಿವಾರ ಹೇಳದೆ ಕೇಳದೆ ಡರ್ಹಮ್‌ಗೆ ಡ್ರೈವ್ ಮಾಡಿಕೊಂಡು ಬಂದಳು. ಕಾರಿನಲ್ಲಿ ಬಂದ ಆಯಾಸಕ್ಕೆ ಒಂದು ಲೋಟ ನೀರೂ ಕುಡಿಯಲಿಲ್ಲ.

"ಅಮ್ಮಾ, ಆ ಕೋರ್ಸ್ ಕ್ಲೋಸ್ ಆಗಿದೆ ಅಂತ ಅಂಕಲ್ ಹೇಳಿದ್ರು. ನಾನು ಕಾಲ್ ಮಾಡ್ದೆ. ಇಟ್ಸ್ ಓಪನ್. ಅದು ಯಾವತ್ತೂ ಕ್ಲೋಸ್ ಆಗೇ ಇಲ್ಲ."

ನಾನು ಒಲೆಯ ಮೇಲಿನ ಹುಳಿ ತಿರುವುತ್ತ ನಿಂತೆ. ಯಾಕೆ ಹಾಗೆ ಹೇಳಿದೆ ಎಂದು ಅವಳು ಮತ್ತೆ ಕೇಳಿದಳು. ಅವಳಿಗೆ ಅಪ್ಪನದೇ ದನಿ, ಸಿಟ್ಟು ಬಂದರೆ ತಗ್ಗುತ್ತದೆ. ಅದಕ್ಕೇ ನನ್ನ ಬಾಯಿಂದ ನಿಜ ಬಂತೋ ಏನೋ.

"ಅವರು ಹೋಗಿ ಆಡಿಬಿಟ್ರೆ ಮಾತು ತೀರಿಹೋಗತ್ತೆ. ಆಮೇಲೆ ಆ ಕಾಗೆ ಬರಲ್ಲ. ನಿಮ್ಮಪ್ಪ ಪೂರ್ತಿ ಹೋಗ್ಬಿಡ್ತಾರೆ."

ಹೇಳುವವರೆಗೆ ನನಗೂ ಅದು ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಕಾಗೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಸಿಟ್ಟಿತ್ತು, ನನ್ನ ಮಾತಿಗೆ ಬಾರದ್ದನ್ನು ನಾನು ಒಂದು ದಿನವೂ ಮರೆತಿರಲಿಲ್ಲ. ಆದರೂ ಅದು ಬರುತ್ತಿರಬೇಕಿತ್ತು. ಗಾಲ್ಫಿಗೋಸ್ಕರ ಬಂದರೂ ಪರವಾಗಿಲ್ಲ, ನನ್ನ ಮನೆಯ ಕಟಕಟೆಯ ಮೇಲೆ ಕೂರುತ್ತಿತ್ತಲ್ಲ.

ಮಗಳು ನಗುತ್ತಾಳೆ ಅಂದುಕೊಂಡೆ. ಅವಳು ನಗಲಿಲ್ಲ. ಡೆಕ್ಕಿನ ಕಡೆ ನೋಡಿದಳು, ಓಣಿಯ ತುದಿಯ ಲೋಟದ ಕಡೆ ನೋಡಿದಳು.

"ಅಪ್ಪಂಗೆ ವೇಟ್ ಮಾಡೋದು ಆಗ್ತಾನೇ ಇರ್ಲಿಲ್ಲ, ಅಮ್ಮಾ. ರೆಸ್ಟೋರೆಂಟಲ್ಲಿ ಲೈನ್ ಇದ್ರೆ ಮನೆಗೆ ವಾಪಸ್ ಬರ್ತಿದ್ರು. ನೀನು ಥ್ರೀ ಇಯರ್ಸ್ ನಿಲ್ಸಿದೀಯ. ಪಾಪ ಅಲ್ವಾ?"

ಅವಳ ಕನ್ನಡ ಅಷ್ಟೇ. ಆದರೆ ಆ ಪಾಪ ಎಂಬುದನ್ನು ಅವಳು ನನ್ನಿಂದಲೇ ಕಲಿತಿದ್ದಳು, ಚಿಕ್ಕವಳಿದ್ದಾಗ, ಗೂಡಿನಿಂದ ಬಿದ್ದ ಮರಿಗಳನ್ನು ನೋಡಿ ನಾನು ಹೇಳುತ್ತಿದ್ದಾಗ. ಒಲೆ ಆರಿಸಿದೆ. ಅವತ್ತು ಮಧ್ಯಾಹ್ನ ಅವಳೇ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಸೋಮವಾರ ಬೆಳಿಗ್ಗೆ ನಾನು ಕ್ಲಬ್ಬುಗಳಿಗೆಲ್ಲ ಫೋನ್ ಮಾಡಿ ಜೂನ್ ತಿಂಗಳಿಗೆ ಗೊತ್ತು ಮಾಡಿದೆ. ಕೊನೆಯ ಕೋರ್ಸಿನ ಹೆಂಗಸಿಗೆ ನನ್ನ ದನಿ ಗುರುತು ಸಿಕ್ಕಿತು. ಆಗಲೂ ಮೂವರು ಎಂದೇ ಹೇಳಿದೆ.

ಹೊರಡುವ ಮುನ್ನ ಅಟ್ಲಾಂಟಾದವರು ದಾರಿಯಲ್ಲಿ ನಮ್ಮ ಮನೆಗೆ ಬಂದು ಶ್ಯಾಂಟಿಲಿಗೆ ಹೋದರು, ಅಲ್ಲೇ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಿಂದ ಇಬ್ಬರೂ ಒಟ್ಟಿಗೆ ಹಾರುವುದೆಂದು. ನೀವೂ ಬನ್ನಿ ಅತ್ತಿಗೆ, ಇನ್ನೂ ಸೀಟ್ ಸಿಗುತ್ತದೆ ಎಂದು ಕರೆದರು. ಕಾಗೆಗೆ ಯಾರು ಇಡುತ್ತಾರೆ ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ಗ್ಯಾರೇಜಿನಿಂದ ನಮ್ಮವರ ಒಂದು ಪಟರ್, ಗುಳಿಯ ಹತ್ತಿರ ಚೆಂಡು ತಳ್ಳುವ ಕೋಲು, ತೆಗೆದುಕೊಟ್ಟೆ. ಗುಲಾಬಿ ಗಿಡದ ಬುಡದಲ್ಲಿ ಸಿಕ್ಕಿದ್ದ ಒಂದು ಚೆಂಡನ್ನು ತೊಳೆದು ಅದೂ ಕೊಟ್ಟೆ. ಆ ಚೆಂಡನ್ನು ಕೊನೆಯ ಕೋರ್ಸಿನಲ್ಲಿ ಆಡಿ ಎಂದೆ.

ಗೆಳೆಯರು ಹೋದ ಮೇಲಿನ ಆ ದಿನಗಳನ್ನು ಹೇಗೆ ಕಳೆದೆನೋ. ಬೆಳಿಗ್ಗೆ ಮೊಸರನ್ನ ಇಟ್ಟು ಬಾಗಿಲ ಹಿಂದೆ ನಿಂತು, ಕಾಗೆ ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಇವತ್ತು ದೋಣಿ ದಾಟಿರುತ್ತಾರೆ, ಇನ್ನು ಎರಡೇ ಕೋರ್ಸು ಉಳಿದಿರುವುದು ಎಂದು ಅದಕ್ಕೆ ಹೇಳುತ್ತಿದ್ದೆ. ಅನ್ನಕ್ಕೆ ತುಪ್ಪ ಹಾಕಿದೆ. ಒಂದು ದಿನ ಪಾಯಸವನ್ನೂ ಇಟ್ಟೆ. ಊರಿಗೆ ಹೊರಟವರಿಗೆ ಮಾಡುತ್ತೇವಲ್ಲ, ಹಾಗೆ.

ಕೊನೆಗೂ ಫೋನ್ ಬಂತು. ನಾನಿನ್ನೂ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಟ್ಲಾಂಟಾದವರು. ಹಿಂದೆ ಗಾಳಿಯ ಸದ್ದು ಎಷ್ಟಿತ್ತೆಂದರೆ ಅವರು ಸಮುದ್ರದೊಳಗೆ ನಿಂತು ಮಾತಾಡುತ್ತಿದ್ದಾರೇನೋ ಅನಿಸಿತು. ಮಾತಿನ ಮಲ್ಲ ಅವತ್ತು ತಡವರಿಸುತ್ತಿದ್ದರು. ಅಡುಗೆಯ ಹೆಂಗಸು ಮೂರು ಬಟ್ಟಲು ಸೂಪ್ ಬಡಿಸಿಟ್ಟು, ಮೂರನೆಯವರು ಎಲ್ಲಿ ಎಂದು ಬಾಗಿಲ ಕಡೆ ನೋಡುತ್ತಿದ್ದಳಂತೆ. ಆ ಬಟ್ಟಲನ್ನು ಎತ್ತಲು ಇವರು ಬಿಡಲಿಲ್ಲವಂತೆ. ಎತ್ತುವುದು ಬೇಡ ಎಂದವರು ಶ್ಯಾಂಟಿಲಿಯವರೇ ಅಂತೆ.

"ಅತ್ತಿಗೆ, ಅವನ ಚೆಂಡನ್ನ ಲಾಸ್ಟ್ ಹೋಲಲ್ಲಿ ನಾನು ಹೊಡೆದೆ. ಚೆನ್ನಾಗೇ ಹೋಗಿ ಹುಲ್ಲಿನ ಮೇಲೆ ಬಿತ್ತು. ನಾವು ಇನ್ನೂ ನಡ್ಕೊಂಡು ಹೋಗ್ತಾ ಇದ್ವಿ. ಒಂದು ಕಾಗೆ ಬಂದು ಎತ್ಕೊಂಡು ಹೋಯ್ತು. ನಮ್ಮೂರ ಕಾಗೆ ಥರಾನೇ ಇತ್ತು, ಅತ್ತಿಗೆ. ಸಮುದ್ರದ ಕಡೆ ಹೋಯ್ತು."

ಆಯ್ತು ಎಂದೆ. ತುಂಬ ಒಳ್ಳೆಯದಾಯ್ತು, ಹುಷಾರಾಗಿ ಬನ್ನಿ ಎಂದೆ. ಫೋನ್ ಇಟ್ಟು ಅಲ್ಲೇ ಕುರ್ಚಿಯ ಮೇಲೆ ಕೂತೆ. ಬಿಸಿಲಿನ್ನೂ ಇತ್ತು. ಎದ್ದು ದೀಪ ಹಚ್ಚುವ ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಾತು ತೀರಿತು, ಇನ್ನು ಬರುವುದಿಲ್ಲ.

ಆದರೂ ಮರುದಿನ ಬೆಳಿಗ್ಗೆ ಅನ್ನ ಕಲಸಿದೆ. ಕೈಗೆ ಅಭ್ಯಾಸವಾಗಿತ್ತು. ಎಲೆಯಲ್ಲಿ ಹಾಕಿ ಕಟಕಟೆಯ ಮೇಲಿಟ್ಟು ಒಳಗೆ ಬಂದು ನಿಂತೆ. ಹಿತ್ತಲು ನಿಶ್ಶಬ್ದವಾಗಿತ್ತು. ಹೋಗಿಬನ್ನಿ ಎಂದು ಹೇಳಬೇಕೆಂದುಕೊಂಡು ಮರದ ತುದಿಯನ್ನೇ ನೋಡುತ್ತಿದ್ದೆ.

ಕಾಗೆ ಬಂತು. ಎಡ ರೆಕ್ಕೆಯ ಬಿಳಿ ಗರಿ. ಎಂದಿನಂತೆ ಅನ್ನ ತಿಂದು, ಕೊಕ್ಕನ್ನು ಕಟಕಟೆಗೆ ಒರೆಸಿಕೊಂಡು, ಹಾರಿಹೋಯಿತು. ನನ್ನ ಕಡೆ ನೋಡಲೂ ಇಲ್ಲ.

ನಾನು ಬಾಗಿಲು ತೆರೆದು ಹೊರಗೆ ಹೋಗಿ ಖಾಲಿ ಎಲೆಯನ್ನು ನೋಡಿದೆ. ಅದು ಕಾಗೆ. ಮೊದಲಿನಿಂದಲೂ ಬರೀ ಕಾಗೆ. ಅನ್ನ ಇಡುವ ಮನೆ ಎಂದು ಗೊತ್ತಾಗಿತ್ತು, ಬರುತ್ತಿತ್ತು. ನಮ್ಮವರು ಅದರಲ್ಲಿ ಇರಲಿಲ್ಲ. ಅವರು ಪಾರ್ಕಿಂಗ್ ಲಾಟಿನಲ್ಲಿ, ಅವತ್ತೇ, ಒಂದು ಮಾತೂ ಆಡದೆ ಹೋಗಿದ್ದರು. ಇಷ್ಟು ವರ್ಷ ನಾನು ಮಾತಾಡಿದ್ದೆಲ್ಲ ಒಂದು ಹಕ್ಕಿಯ ಜೊತೆ. ಡೆಕ್ಕಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರು ಸತ್ತಾಗ ಕೂಡ ನಾನು ಹಾಗೆ ಅತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬೇಲಿಯ ತನಕ ಬಂದು, ಏನೂ ಕೇಳದೆ, ನನಗೆ ಕಾಣುವ ಹಾಗೆ ಅಲ್ಲೇ ನಿಂತಿದ್ದಳು.

ಅಳು ಕಡಿಮೆಯಾಗುತ್ತ ಬಂದಾಗ ಇನ್ನೊಂದು ಹೊಳೆಯಿತು. ಹತ್ತನೆಯ ದಿನ ನನ್ನ ಮಾತಿಗೆ ಬೆನ್ನು ತಿರುಗಿಸಿ ಕೂತದ್ದೂ ಕಾಗೆಯೇ. ಗಾಲ್ಫ್ ಎಂದಾಗ ಇಳಿದು ಬಂದದ್ದೂ ಕಾಗೆಯೇ. ಅಷ್ಟು ಹೊತ್ತಿಗೆ ಅದಕ್ಕೆ ಹಸಿವಾಗಿತ್ತು, ಅಷ್ಟೇ. ನಾನು ಗಟ್ಟಿಯಾಗಿದ್ದೇನೆ ಎಂದದ್ದನ್ನು ಅವರು ತಳ್ಳಿಹಾಕಿರಲಿಲ್ಲ. ಕೇಳಿಸಿಕೊಳ್ಳಲು ಅವರು ಅಲ್ಲಿ ಇರಲೇ ಇಲ್ಲ. ಸ್ಕಾಟ್ಲೆಂಡಿನ ವಿಷಯದಲ್ಲಿ ಅವರು ನನಗೆಂದು ಹೇಳಿ ಹೋದ ಮಾತು ಯಾವುದಾದರೂ ಇದ್ದರೆ ಅದು ನೀನೂ ಬರಬಹುದು ಎಂಬುದು. ಅದಕ್ಕೆ ನಾನು ಕುರಿಯ ಮಾತಾಡಿದ್ದೆ.

ಒಳಗೆ ಹೋಗಿ ಓಣಿಯ ತುದಿಯಲ್ಲಿ ಬಗ್ಗಿ ಲೋಟ ಎತ್ತಿಕೊಂಡೆ. ಅದು ಮಲಗಿದ್ದ ಕಡೆ ಕಾರ್ಪೆಟ್ಟಿನ ಬಣ್ಣ ಇನ್ನೂ ಹೊಸದಾಗಿತ್ತು. ತೊಳೆದು ಅದರಲ್ಲೇ ಕಾಫಿ ಕುಡಿದೆ. ಮಾರನೆಯ ದಿನ ಉಪ್ಪಿಟ್ಟು ಮಾಡಿ ಮೊದಲು ನಾನು ತಿಂದೆ. ಆಮೇಲೆ ಉಳಿದದ್ದನ್ನು ಕಾಗೆಗೆ ಹಾಕಿದೆ.